‘ಬಾಡಿ ಆ್ಯಂಡ್ ಸೋಲ್’: ಒಂದೂವರೆ ಶ್ರುತಿಯ ಮೂರು ನಿಮಿಷ. ಯಾವ ರೆಕಾರ್ಡು, ಯಾವ ಪ್ರತಿ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಜಾಝ್ ಬ್ಯಾಲಡ್, ಅಂದರೆ ನಿಧಾನ ನಡೆಯ ಪ್ರೇಮಗೀತೆ, ಹೇಗಿರುತ್ತದೆ ಎಂದು ತಿಳಿಯಲು ಒಂದೇ ಒಂದು ರೆಕಾರ್ಡ್ ಕೊಳ್ಳುವುದಾದರೆ ಕೋಲ್‌ಮನ್ ಹಾಕಿನ್ಸ್ ಟೆನರ್ ಸ್ಯಾಕ್ಸೊಫೋನಿನಲ್ಲಿ ನುಡಿಸಿದ ‘ಬಾಡಿ ಆ್ಯಂಡ್ ಸೋಲ್’ ಕೊಳ್ಳಿ. ಮುದ್ರಣ 1939ರ ಅಕ್ಟೋಬರ್ 11, ನ್ಯೂಯಾರ್ಕ್. ಕಂಪನಿ ಬ್ಲೂಬರ್ಡ್. ಅವಧಿ ಸುಮಾರು ಮೂರು ನಿಮಿಷ. ಐದಕ್ಕೆ ಐದು ಅಂಕ. ಆದರೆ ಆ ಐದು ನುಡಿಸಿದವರಿಗೆ. ಇವತ್ತು ಆ್ಯಪ್‌ಗಳಲ್ಲೂ ಸೀಡಿಗಳಲ್ಲೂ ಸಿಗುವ ಪ್ರತಿಗಳಲ್ಲಿ ಕೆಲವಕ್ಕೆ ಎರಡು ಕೊಟ್ಟರೂ ಧಾರಾಳವಾಯಿತು. ಒಳ್ಳೆಯ ಪ್ರತಿಯನ್ನು ಗುರುತಿಸುವುದು ಹೇಗೆ ಎನ್ನುವುದಕ್ಕೇ ಈ ಬರಹದ ಒಂದು ಪಾಲು ಮೀಸಲು.

ಹಾಡು ಹುಟ್ಟಿದ್ದು ಜಾಝ್ ಆಗಿ ಅಲ್ಲ. ಸಂಗೀತ ಹಾಕಿದ ಜಾನಿ ಗ್ರೀನ್ ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರ ಓದಿ, ವಾಲ್ ಸ್ಟ್ರೀಟಿನಲ್ಲಿ ಕೆಲದಿನ ಕೂತು, ಅದು ತನ್ನ ಕೆಲಸವಲ್ಲ ಎಂದು ಎದ್ದು ಬಂದ 21ರ ಹುಡುಗ. ಬ್ರಿಟಿಷ್ ನಟಿ, ಗಾಯಕಿ ಗರ್ಟ್ರೂಡ್ ಲಾರೆನ್ಸ್‌ಗಾಗಿ ಇದನ್ನು ಬರೆದ. ಸಾಹಿತ್ಯಕ್ಕೆ ಎಡ್ವರ್ಡ್ ಹೇಮನ್, ರಾಬರ್ಟ್ ಸೌರ್, ಫ್ರ್ಯಾಂಕ್ ಐಟನ್ ಎಂದು ಮೂರು ಹೆಸರಿವೆ. 1930ರಲ್ಲಿ ಹಾಡು ಮೊದಲು ಹಬ್ಬಿದ್ದು ಲಂಡನ್ನಿನಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯ ‘ತ್ರೀಸ್ ಎ ಕ್ರೌಡ್’ ಪ್ರದರ್ಶನದಲ್ಲಿ ಲಿಬಿ ಹೋಲ್ಮನ್ ಹಾಡಿದರು. ಆ ತಿಂಗಳೇ ಜಾಝ್ ತುತ್ತೂರಿಯ ಲೂಯಿ ಆರ್ಮ್‌ಸ್ಟ್ರಾಂಗ್ ಅದನ್ನು ರೆಕಾರ್ಡ್ ಮಾಡಿಯೂ ಆಗಿತ್ತು. ಗ್ರೀನ್ ಮುಂದೆ ಹಾಲಿವುಡ್‌ಗೆ ಹೋಗಿ ಎಂಜಿಎಂ ಸ್ಟುಡಿಯೋದ ಸಂಗೀತ ವಿಭಾಗದ ಮುಖ್ಯಸ್ಥನಾದ, ಆಸ್ಕರ್‌ಗಳನ್ನೂ ಪಡೆದ.

ಸಾಹಿತ್ಯ ಸಾಧಾರಣ. ಒಲಿಯದವರಿಗಾಗಿ ಕೊರಗುವ ಜೀವವೊಂದು ತನು ಮನ ಎರಡೂ ನಿನ್ನವೇ ಎನ್ನುತ್ತದೆ, ವಿಷಯ ಅಷ್ಟೇ. ಪ್ರಾಸ ಕೂಡಿಸಲು ಪದಗಳ ಕೈಕಾಲು ತಿರುಚಿದ ಸಾಲೂ ಒಂದಿದೆ. ಮೂರು ಜನ ಕೂತು ಬರೆದರೂ ಅದನ್ನು ಯಾರೂ ನೇರ ಮಾಡಲಿಲ್ಲ. ಹಾಡಿಗೆ ಮೊದಲಲ್ಲಿ ಒಂದು ಪೀಠಿಕೆಯೂ ಇದೆ, ಈಗ ಹೆಚ್ಚಿನವರು ಅದನ್ನು ಬಿಟ್ಟೇ ಶುರುಮಾಡುತ್ತಾರೆ. ಹಾಗಾದರೆ ಇಷ್ಟು ಕಾಲ ಇದು ಬಾಳಿದ್ದು ಯಾವುದರ ಬಲದಿಂದ? ನಡುವಿನ ಎಂಟು ಬಾರ್‌ಗಳ, ಅಂದರೆ ತಾಳದ ಎಂಟು ಆವರ್ತಗಳ, ಬಲದಿಂದ.

ಹಾಡಿನ ಅಳತೆ 32 ಬಾರ್, ಬಾರ್‌ಗೆ ನಾಲ್ಕು ಎಣಿಕೆ. ಎಂಟೆಂಟು ಬಾರ್‌ಗಳ ನಾಲ್ಕು ತುಂಡು. ಮೊದಲ ತುಂಡು, ಅದೇ ಮತ್ತೊಮ್ಮೆ, ಆಮೇಲೆ ಬೇರೆಯದೇ ಆದ ನಡುಭಾಗ (ಬ್ರಿಡ್ಜ್ ಎನ್ನುವುದು ಇದನ್ನೇ), ಕೊನೆಗೆ ಮೊದಲಿನದೇ ಇನ್ನೊಮ್ಮೆ. ಆ ಕಾಲದ ಅಮೆರಿಕನ್ ಹಾಡುಗಳಲ್ಲಿ ಬಹಳಷ್ಟಕ್ಕೆ ಇದೇ ಅಚ್ಚು. ವಾದಕರು ರೂಢಿಯಲ್ಲಿ ನುಡಿಸುವುದು ಡಿ ಫ್ಲ್ಯಾಟ್ ಮೇಜರಿನಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದೂವರೆ ಶ್ರುತಿ, ಧಾರವಾಡದ ಕಡೆಯವರ ಕಾಳಿ ಒಂದು. ಸ್ವರಗಳು ಶಂಕರಾಭರಣದವು.

ಮೊದಲ ಬೆರಗು ಇರುವುದು ಶುರುವಿನಲ್ಲೇ. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳ ಗುಂಪು. ಹಾಡು ಷಡ್ಜದ ಕಾರ್ಡಿನಿಂದ ಹೊರಡುವುದಿಲ್ಲ, ರಿಷಭದ ಮೇಲೆ ನಿಂತ ಮೈನರ್, ಅಂದರೆ ಮಂಕು ಛಾಯೆಯ, ಕಾರ್ಡಿನಿಂದ ಹೊರಡುತ್ತದೆ. ಬಾಗಿಲು ತೆಗೆದ ಕೂಡಲೇ ಮನೆಯೊಳಗಲ್ಲ, ಮನೆಯ ಎದುರಿನ ಬೀದಿಯಲ್ಲಿ ನಿಂತಿರುತ್ತೀರಿ. ಒಳಗೆ ಬರಲು ಎರಡು ಬಾರ್ ಬೇಕು. ನಿಜವಾದ ಬೆರಗು ನಡುಭಾಗದ್ದು. ಅಲ್ಲಿಗೆ ಬಂದ ಕೂಡಲೇ ಶ್ರುತಿಯೇ ಅರ್ಧ ಹೆಜ್ಜೆ ಮೇಲಕ್ಕೆ ಸರಿದು ಎರಡಕ್ಕೆ ಹೋಗುತ್ತದೆ. ನಾಲ್ಕು ಬಾರ್ ಅಲ್ಲಿದ್ದು, ಮತ್ತೆ ಜಾರಿ ಒಂದಕ್ಕೆ ಇಳಿಯುತ್ತದೆ. ಅಂದರೆ ಮೂಲ ಶ್ರುತಿಯ ಒಂದು ಮಗ್ಗುಲಿಗೆ ಅರ್ಧ ಹೆಜ್ಜೆ, ಆಮೇಲೆ ಇನ್ನೊಂದು ಮಗ್ಗುಲಿಗೆ ಅರ್ಧ ಹೆಜ್ಜೆ, ಮೂಲವನ್ನು ಮಾತ್ರ ಮುಟ್ಟುವುದಿಲ್ಲ. ಎಂಟನೇ ಬಾರಿನಲ್ಲಿ ಸಿ, ಬಿ, ಬಿ ಫ್ಲ್ಯಾಟ್ ಎಂದು ಮೂರು ಸೆವೆಂತ್ (ಏಳನೇ ಸ್ವರವೂ ಸೇರಿದ) ಕಾರ್ಡುಗಳ ಮೇಲೆ ಅರ್ಧರ್ಧ ಮೆಟ್ಟಿಲು ಇಳಿದು, ಹೊರಟ ಅದೇ ಮೈನರ್ ಕಾರ್ಡಿಗೆ ಬಂದು ಬೀಳುತ್ತದೆ.

ಹತ್ತಿರದಲ್ಲಿ ಹಾರ್ಮೋನಿಯಮ್ಮೋ ಕೀಬೋರ್ಡೋ ಇದ್ದರೆ ಇದನ್ನು ಕಣ್ಣಲ್ಲೇ ನೋಡಬಹುದು. ಒಂದೂವರೆಯ ಶಂಕರಾಭರಣದಲ್ಲಿ ಐದೂ ಕಪ್ಪು ಮನೆಗಳು (ಕೀಲಿಗಳು) ಬೇಕು, ಬಿಳಿಯವು ಎರಡೇ. ಎರಡಕ್ಕೆ ಹೋದರೆ ಕಪ್ಪು ಎರಡೇ ಉಳಿಯುತ್ತವೆ. ಒಂದಕ್ಕೆ ಇಳಿದರೆ ಒಂದೂ ಇಲ್ಲ. ಕಪ್ಪು ಮನೆಗಳ ಮೇಲೆ ಬೆಚ್ಚಗೆ ಕೂತಿದ್ದ ಕೈ ಇಪ್ಪತ್ತೇ ಸೆಕೆಂಡಿನಲ್ಲಿ ಪೂರ್ತಿ ಬಿಳಿಯ ಬಯಲಿಗೆ ಬಂದು, ಮತ್ತೆ ಕಪ್ಪಿಗೆ ಹತ್ತಬೇಕು. ಕಚೇರಿಯ ನಡುವೆ ಶ್ರುತಿಪೆಟ್ಟಿಗೆಯನ್ನು ಹೀಗೆ ತಿರುಗಿಸಿದರೆ ನಮ್ಮಲ್ಲಿ ಅಪಚಾರ. ಇಲ್ಲಿ ಅದೇ ಬಂಡವಾಳ. ಕೇಳುವವರಿಗೆ ಏನಾಯಿತೆಂದು ಹೆಸರಿಟ್ಟು ಹೇಳಲು ಬಾರದಿದ್ದರೂ, ಎಲ್ಲಿಗೋ ಹೋಗಿ ಬಂದೆವೆಂಬುದು ಗೊತ್ತಾಗುತ್ತದೆ. ಹಾಗಾಗಿ ಈ ಹಾಡಿನ ಯಾವ ರೆಕಾರ್ಡನ್ನಾದರೂ ನಾವು ತೂಗುವುದು ಒಂದೇ ತಕ್ಕಡಿಯಲ್ಲಿ: ನಡುಭಾಗದಿಂದ ಮನೆಗೆ, ಅಂದರೆ ಮೂಲ ಶ್ರುತಿಗೆ, ಹೇಗೆ ಮರಳುತ್ತಾರೆ?

ಹಾಕಿನ್ಸ್ ಮರಳುವ ಬಗೆ

ಹಾಕಿನ್ಸ್ 1904ರಲ್ಲಿ ಮಿಸ್ಸೂರಿಯ ಸೇಂಟ್ ಜೋಸೆಫ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪಿಯಾನೊ, ಚೆಲ್ಲೊ ಕಲಿತವರು. ಈ ವಿವರ ಮುಖ್ಯ, ಯಾಕೆಂದರೆ ಅವರ ಕಿವಿ ಒಂದೊಂದೇ ಸ್ವರವನ್ನಲ್ಲ, ಕಾರ್ಡನ್ನು ಕೇಳುತ್ತಿತ್ತು. ಫ್ಲೆಚರ್ ಹೆಂಡರ್ಸನ್ ತಂಡದಲ್ಲಿ ಹತ್ತು ವರ್ಷ ಇದ್ದು, 1934ರಲ್ಲಿ ಯುರೋಪಿಗೆ ಹೋದರು. ಐದು ವರ್ಷ ಅಲ್ಲೇ ನುಡಿಸಿಕೊಂಡಿದ್ದು, ಯುದ್ಧ ಕವಿಯುತ್ತಿದ್ದಾಗ 1939ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಮರಳಿದರು. ಅಷ್ಟರಲ್ಲಿ ಊರಲ್ಲಿ ಟೆನರ್ ನುಡಿಸುವ ಹೊಸಬರು ಎದ್ದಿದ್ದರು. 1938ರಲ್ಲಿ ಚೂ ಬೆರ್ರಿ ಮತ್ತು ತುತ್ತೂರಿಯ ರಾಯ್ ಎಲ್ಡ್ರಿಜ್ ಇದೇ ಹಾಡನ್ನು ಕಾಮಡೋರ್ ಕಂಪನಿಗೆ ಚೆನ್ನಾಗಿ ನುಡಿಸಿದ್ದರು. ಕೆಲ್ಲೀಸ್ ಸ್ಟೇಬಲ್ಸ್ ಕ್ಲಬ್ಬಿನಲ್ಲಿ ಹಾಕಿನ್ಸ್ ರಾತ್ರಿ ಕಚೇರಿಯಲ್ಲಿ ಇದನ್ನು ನುಡಿಸುತ್ತಿದ್ದರೂ ರೆಕಾರ್ಡಿಂಗಿಗೆ ಯೋಚಿಸಿರಲಿಲ್ಲ. ಅಕ್ಟೋಬರ್ 11ರ ಕೆಲಸ ಮುಗಿಯುತ್ತ ಬಂದಾಗ ನಿರ್ಮಾಪಕರು ಇದನ್ನೂ ನುಡಿಸಿ ಎಂದರು. ಬರೆದಿಟ್ಟ ಏರ್ಪಾಡೇನೂ ಇರಲಿಲ್ಲ, ಒಂದೇ ಟೇಕ್, ಅಂದರೆ ಒಂದೇ ಸಲದ ಮುದ್ರಣ.

ಆ ಟೇಕನ್ನು ಗಡಿಯಾರ ಹಿಡಿದು ಕೇಳಿ. ಪ್ರತಿಯಿಂದ ಪ್ರತಿಗೆ ಒಂದೆರಡು ಸೆಕೆಂಡ್ ಆಚೀಚೆ ಆಗಬಹುದು. ಮೊದಲ ಹತ್ತು ಸೆಕೆಂಡ್ ಜೀನ್ ರಾಜರ್ಸ್ ಪಿಯಾನೊ, ನಾಲ್ಕು ಬಾರ್. ಆಮೇಲೆ ಹಾಕಿನ್ಸ್. ಮೊದಲ ಕೆಲವು ಬಾರ್‌ಗಳಷ್ಟೇ ಹಾಡಿನ ಧಾಟಿ ಗುರುತು ಸಿಗುತ್ತದೆ, ಅದೂ ಓರೆಯಾಗಿ. ಎಂಟು ಬಾರ್ ಮುಗಿಯುವಷ್ಟರಲ್ಲಿ ಧಾಟಿಯನ್ನು ಕೈಬಿಟ್ಟಾಗಿರುತ್ತದೆ. ಮತ್ತೆ ಅದು ಪೂರ್ತಿಯಾಗಿ ಬರುವುದೇ ಇಲ್ಲ. ನಮ್ಮಲ್ಲಿ ಪಲ್ಲವಿ ಹೇಳಿ ಕಲ್ಪನಾಸ್ವರಕ್ಕೆ ಹೋದವರು ಪ್ರತಿ ಸಲವೂ ಪಲ್ಲವಿಯ ಎತ್ತುಗಡೆಗೆ ಬಂದು ಸೇರುತ್ತಾರಲ್ಲ, ಇಲ್ಲಿ ಆ ಆಸರೆಯೂ ಇಲ್ಲ. ಕೆಳಗೆ ಓಡುತ್ತಿರುವ ಕಾರ್ಡುಗಳ ಸಾಲೇ ದಾರಿ. ಒಂದೊಂದು ಕಾರ್ಡಿನ ಸ್ವರಗಳನ್ನೂ ಬಿಡಿಸಿ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೆಣೆಯುತ್ತ ಹೋಗುತ್ತಾರೆ. ಬರೆದಿಟ್ಟಿದ್ದ ಕಾರ್ಡುಗಳ ನಡುವೆ ತಮ್ಮವೇ ಬೇರೆ ಕಾರ್ಡುಗಳನ್ನೂ ತೂರಿಸುತ್ತಾರೆ.

ಸುಮಾರು 0:50ಕ್ಕೆ ಮೊದಲ ಸುತ್ತಿನ ನಡುಭಾಗ. ಶ್ರುತಿ ಎರಡಕ್ಕೆ ಸರಿದದ್ದನ್ನು ಹಾಕಿನ್ಸ್ ಎತ್ತಿ ತೋರಿಸುವುದಿಲ್ಲ. ಹಿಂದಿನ ಮಾತಿನ ಕೊನೆಯನ್ನೇ ಎಳೆದು ಹೊಸ ಶ್ರುತಿಗೆ ಗಂಟು ಹಾಕುತ್ತಾರೆ. ಎಲ್ಲಿ ದಾಟಿದರು ಎಂದು ಹುಡುಕಲು ಎರಡು ಮೂರು ಸಲ ಕೇಳಬೇಕು. 1:30ರ ಹೊತ್ತಿಗೆ ಎರಡನೇ ಸುತ್ತು. ಹಿಂದಿನಿಂದ ಇತರ ಊದುವವರು ಮೆಲ್ಲಗೆ ಸೇರುತ್ತಾರೆ, ಅಷ್ಟು ಹೊತ್ತು ಸುಮ್ಮನಿದ್ದ ಕೋಣೆಗೆ ಗೋಡೆ ಬಂದಂತಾಗುತ್ತದೆ. ಸುಮಾರು 2:10ಕ್ಕೆ ಎರಡನೇ ನಡುಭಾಗ, ಮತ್ತು ಕಚೇರಿಯ ನಿಜವಾದ ಏರು ಅಲ್ಲಿಂದಾಚೆಗೆ. ಸ್ವರ ಗಟ್ಟಿಯಾಗುತ್ತದೆ, ಮೇಲಿನ ಸ್ಥಾಯಿಗೆ ಹತ್ತುತ್ತದೆ, ಕಂಪನ ಅಗಲವಾಗುತ್ತದೆ. ಮನೆಗೆ ಮರಳಿದ ಮೇಲೂ ಇಳಿಯದೆ, ಮರಳಿದ್ದನ್ನೇ ಶಿಖರ ಮಾಡುತ್ತಾರೆ. ಕೊನೆಗೆ ಲಯ ಸಡಿಲಿಸಿ ಒಂಟಿಯಾಗಿ ನಾಲ್ಕು ಮಾತು, ಮುಗಿಯಿತು. ಎರಡು ಸುತ್ತು, 64 ಬಾರ್. ಇಷ್ಟಕ್ಕೂ ನಡೆ ನಾವು ಇಂದು ಬ್ಯಾಲಡ್ ಎನ್ನುವಷ್ಟು ನಿಧಾನವಲ್ಲ, ನಿಮಿಷಕ್ಕೆ ಸುಮಾರು 95 ಎಣಿಕೆ. ಇನ್ನೂ ನಿಧಾನ ಮಾಡಿದ್ದರೆ ಹತ್ತು ಇಂಚಿನ ತಟ್ಟೆಯ ಒಂದು ಮುಖದಲ್ಲಿ ಎರಡು ಸುತ್ತು ಹಿಡಿಯುತ್ತಿರಲಿಲ್ಲ.

ಧಾಟಿಯೇ ಇಲ್ಲದ ಈ ರೆಕಾರ್ಡ್ ಜನಪ್ರಿಯವಾದದ್ದು ಆ ಕಾಲದ ದೊಡ್ಡ ಅಚ್ಚರಿ. ಜೂಕ್‌ಬಾಕ್ಸಿಗೆ ಕಾಸು ಹಾಕಿ ಜನ ಕೇಳಿದರು. ಆಮೇಲೆ ಬಂದ ಬೀಬಾಪ್ (ವೇಗದ ಹೊಸ ಬಗೆಯ ಜಾಝ್) ವಾದಕರು ಇದನ್ನು ಪಾಠದಂತೆ ಬಾಯಿಪಾಠ ಮಾಡಿದರು. ಎಡ್ಡಿ ಜೆಫರ್ಸನ್ ಈ ನುಡಿಸಾಣಿಕೆಯ ಸ್ವರಸ್ವರಕ್ಕೂ ಮಾತು ಕಟ್ಟಿ ಹಾಡಿದರು. ಅದನ್ನೇ 1979ರಲ್ಲಿ ಮ್ಯಾನ್‌ಹಟನ್ ಟ್ರಾನ್ಸ್‌ಫರ್ ತಂಡ ನಾಲ್ಕು ಕಂಠಗಳಿಗೆ ಹೊಂದಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2004ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಇದನ್ನು ಸೇರಿಸಿತು.

ಕನ್ನಡದ ಕಿವಿಗೆ ಒಂದು ಎಚ್ಚರಿಕೆ. ನಮಗೆ ಸ್ಯಾಕ್ಸೊಫೋನ್ ಎಂದರೆ ಕದ್ರಿ ಗೋಪಾಲನಾಥ್, ಕರಾವಳಿಯ ಮದುವೆ ಮನೆ, ದೇವಸ್ಥಾನದ ಉತ್ಸವ. ಕದ್ರಿಯವರದು ಆಲ್ಟೋ. ಹಾಕಿನ್ಸರದು ಟೆನರ್, ಅದಕ್ಕಿಂತ ಒಂದು ಮಧ್ಯಮದಷ್ಟು ಕೆಳಗಿನ, ದಪ್ಪ ಕೊರಳಿನ ವಾದ್ಯ. ಗಮಕದ ಜಾರು ನಿರೀಕ್ಷಿಸಿ ಕೂತರೆ ಮೊದಲ ಸಲ ನಿರಾಸೆಯಾಗಬಹುದು. ಇಲ್ಲಿ ಸ್ವರ ಜಾರುವುದಕ್ಕಿಂತ ಜಿಗಿಯುವುದೇ ಹೆಚ್ಚು, ಕಂಪನ ಬರುವುದು ನಿಂತ ಸ್ವರದ ಬಾಲದಲ್ಲಿ.

ಪ್ರತಿ ಆರಿಸುವಾಗ

ಒಂದೇ ರೆಕಾರ್ಡಿಗೆ ಇಷ್ಟೊಂದು ಕಳಪೆ ಪ್ರತಿಗಳು ಯಾಕೆ? ಕಾರಣ ಕಾನೂನು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ, ಯುರೋಪಿನಲ್ಲಿ ಹಳೆಯವಕ್ಕೆ 50 ವರ್ಷವಿತ್ತು. ಅಲ್ಲೆಲ್ಲ ಈ ರೆಕಾರ್ಡಿನ ಹಕ್ಕು ಎಂದೋ ಮುಗಿದಿದೆ. ಅಮೆರಿಕದಲ್ಲಿ ಮಾತ್ರ 2039ರ ಕೊನೆಯವರೆಗೂ ಇದೆ. ಹಕ್ಕು ಮುಗಿದ ಕಡೆ ಯಾರು ಬೇಕಾದರೂ ಯಾವ ಮೂಲದಿಂದ ಬೇಕಾದರೂ ನಕಲು ತೆಗೆದು ‘ಜಾಝ್ ಕ್ಲಾಸಿಕ್ಸ್’ ಎಂದು ಮಾರಬಹುದು. ನಕಲಿನ ನಕಲಿನ ನಕಲು ಬಂದಿರುವುದು ಹಾಗೆ. ಬ್ಲೂಬರ್ಡ್ ಅಥವಾ ಅದರ ಒಡೆಯ ಕಂಪನಿ ಆರ್‌ಸಿಎ ಹೆಸರಿರುವ ಸಂಕಲನ ಸಿಕ್ಕರೆ ಅದೇ ಮೇಲು. ಮೂಲ ಕಂಪನಿಯ ಕೈಯಲ್ಲಿ ಒಳ್ಳೆಯ ಮೂಲ ಇರುವ ಸಾಧ್ಯತೆ ಹೆಚ್ಚು.

ಮೊದಲು ಇದೇ ರೆಕಾರ್ಡೇ ಎಂದು ಖಾತ್ರಿ ಮಾಡಿಕೊಳ್ಳಿ. ಹಾಕಿನ್ಸ್ ಈ ಹಾಡನ್ನು ಜೀವನಪೂರ್ತಿ ನುಡಿಸಿದರು. 1944ರಲ್ಲಿ ಇದೇ ಕಾರ್ಡುಗಳ ಮೇಲೆ ‘ರೇನ್‌ಬೋ ಮಿಸ್ಟ್’ ಎಂದು ಬೇರೆ ಹೆಸರಿಟ್ಟೂ ರೆಕಾರ್ಡ್ ಮಾಡಿದರು. ಆ್ಯಪ್‌ಗಳಲ್ಲಿ ನಂತರದ ಕಚೇರಿಯ ಮುದ್ರಣಕ್ಕೂ ‘1939’ ಎಂದು ಬರೆದಿರುವುದುಂಟು. ಗುರುತು ಸುಲಭ: ನಾಲ್ಕು ಬಾರಿನ ಪಿಯಾನೊ ಪೀಠಿಕೆ, ಒಟ್ಟು ಮೂರು ನಿಮಿಷದ ಆಸುಪಾಸು, ಚಪ್ಪಾಳೆ ಇಲ್ಲ. ಐದು ನಿಮಿಷವಿದ್ದರೆ ಅದು ಬೇರೆ ಮುದ್ರಣ.

ಎರಡನೆಯದು ವೇಗ. ಹಳೆಯ ತಟ್ಟೆಯಿಂದ ನಕಲು ತೆಗೆಯುವಾಗ ಟರ್ನ್‌ಟೇಬಲ್ ಜೋರಾಗಿ ತಿರುಗಿದರೆ ಶ್ರುತಿಯೂ ಏರುತ್ತದೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಿದರೆ ಅರ್ಧ ಹೆಜ್ಜೆ ಏರಿ, ಹಾಡು ಒಂದೂವರೆಯ ಬದಲು ಎರಡರಲ್ಲಿ ಕೇಳಿಸುತ್ತದೆ, ಮೂರು ನಿಮಿಷದ್ದು 2:50ಕ್ಕೆ ಮುಗಿಯುತ್ತದೆ. ಇದನ್ನು ಪತ್ತೆ ಮಾಡಲು ದುಬಾರಿ ಸಾಮಾನು ಬೇಡ. ಫೋನಿನ ತಂಬೂರಿ ಆ್ಯಪ್ ಒಂದೂವರೆಗೆ ಹಾಕಿ, ಪಕ್ಕದಲ್ಲಿ ರೆಕಾರ್ಡ್ ಬಿಡಿ. ಮೊದಲ ಎಂಟು ಬಾರ್ ಮುಗಿಯುವಲ್ಲಿ ಷಡ್ಜ ಕೂಡಬೇಕು. ಕೂಡದೆ ಪೂರ್ತಿ ಅಪಶ್ರುತಿ ಕೇಳಿಸಿದರೆ ನಕಲಿನ ವೇಗ ತಪ್ಪಿದೆ. ಸ್ವಲ್ಪವೇ ಕಿರಿಕಿರಿಯಾದರೆ ಶ್ರುತಿಯನ್ನು ಕೊಂಚ ಅತ್ತಿತ್ತ ಸರಿಸಿ ನೋಡಿ. ಹಳೆಯ ಪಿಯಾನೊಗಳ ಶ್ರುತಿ ಇಂದಿನ ಅಳತೆಗೆ ಕೂದಲೆಳೆಯಷ್ಟು ಹೊಂದದಿರಬಹುದು, ಅದು ದೋಷವಲ್ಲ. ನಡುಭಾಗದಲ್ಲಿ ಮಾತ್ರ ತಂಬೂರಿ ನಿಲ್ಲಿಸಿ. ಅಲ್ಲಿ ಕೂಡದೇ ಇರುವುದೇ ಸರಿ!

ಮೂರನೆಯದು ಸದ್ದು ತೊಳೆಯುವ ಚಟ. ನಿಮಿಷಕ್ಕೆ 78 ಸಲ ತಿರುಗುವ (78 ಆರ್‌ಪಿಎಂ) ಹಳೆಯ ತಟ್ಟೆಯ ಚರಚರ ಸದ್ದು ಕೇಳುಗರಿಗೆ ಇಷ್ಟವಾಗದೆಂದು ಕೆಲವರು ಅದನ್ನು ಪೂರ್ತಿ ಒರೆಸುತ್ತಾರೆ. ಚರಚರ ಇರುವ ಮೇಲಿನ ಕಂಪನಾಂಕಗಳಲ್ಲೇ ಸ್ಯಾಕ್ಸೊಫೋನಿನ ಉಸಿರೂ ಇದೆ, ರೀಡಿನ ಅಂಚೂ ಇದೆ, ಡ್ರಮ್ಮಿನ ಬ್ರಷ್ಷೂ ಇದೆ. ಎಲ್ಲವೂ ಜೊತೆಗೇ ಹೋಗುತ್ತದೆ. ಉಳಿಯುವುದು ಕಂಬಳಿ ಹೊದೆಸಿದ ವಾದ್ಯ. ಪರೀಕ್ಷೆ ಹೀಗೆ: ಪಿಯಾನೊ ಮುಗಿದು ಹಾಕಿನ್ಸ್ ಬರುವ ಸಂಧಿಯಲ್ಲಿ ಉಸಿರು ಕೇಳುತ್ತದೆಯೇ? ಸ್ವರ ನಿಂತ ಕೂಡಲೇ ಹಿನ್ನೆಲೆ ಸದ್ದೂ ಪಟ್ಟನೆ ಮಾಯವಾಗಿ, ಮತ್ತೆ ಸ್ವರದೊಂದಿಗೇ ಬರುತ್ತದೆಯೇ? ಹಾಗೆ ಉಸಿರಾಡುವ ಮೌನವಿದ್ದರೆ ಆ ಪ್ರತಿ ಬೇಡ. ಚರಚರ ಇರುವುದೇ ವಾಸಿ, ಹತ್ತು ಸೆಕೆಂಡಿನಲ್ಲಿ ಕಿವಿ ಅದನ್ನು ಮರೆಯುತ್ತದೆ.

ಇನ್ನು ‘ಸ್ಟೀರಿಯೋ’ ಎಂದು ಬರೆದ ಪ್ರತಿ. 1939ರಲ್ಲಿ ಇದನ್ನು ಮುದ್ರಿಸಿದ್ದು ಮೋನೊದಲ್ಲಿ. ಸ್ಟೀರಿಯೋ ಎಂದರೆ ಆಮೇಲೆ ಯಾರೋ ಪ್ರತಿಧ್ವನಿ ಬೆರೆಸಿ, ಕೆಳಸ್ವರ ಒಂದು ಕಡೆ ಮೇಲಿನದು ಇನ್ನೊಂದು ಕಡೆ ಎಂದು ಸೀಳಿದ್ದು. ಹೆಡ್‌ಫೋನಿನಲ್ಲಿ ಹಾಕಿನ್ಸ್ ತಲೆಯ ನಟ್ಟನಡುವೆ ನಿಂತಿರಬೇಕು, ಅಲೆಯಬಾರದು.

ಮೂಲ ತಟ್ಟೆಯೇ ಬೇಕು ಎನ್ನುವವರೂ ಇದ್ದಾರೆ. ಆ ತಟ್ಟೆಗಳು ಅರಗಿನವು. ಕೌರವರು ಪಾಂಡವರಿಗೆ ಮನೆ ಕಟ್ಟಿಸಿದ ಅರಗೇ. ಆ ಕಾಲದಲ್ಲಿ ಜಗತ್ತಿನ ರೆಕಾರ್ಡ್ ಕಾರ್ಖಾನೆಗಳಿಗೆ ಅದು ಹೆಚ್ಚಾಗಿ ಹೋಗುತ್ತಿದ್ದುದೂ ಭಾರತದಿಂದಲೇ. ಬಿದ್ದರೆ ಹಂಚಿನಂತೆ ಒಡೆಯುತ್ತದೆ. ಒರೆಸಲು ಸ್ಪಿರಿಟ್ ಖಂಡಿತ ಬೇಡ. ಬಡಗಿಗಳು ಪಾಲಿಶ್ ಮಾಡುವಾಗ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲೇ ಅಲ್ಲವೇ, ತಟ್ಟೆಯಲ್ಲಿ ಮುಳ್ಳು ಓಡುವ ಗೀರುಗಳೂ ಹಾಗೇ ಕರಗುತ್ತವೆ. ಒಂದು ತೊಟ್ಟು ಸೋಪು ಬೆರೆಸಿದ ತಣ್ಣೀರು, ಮೆತ್ತನೆ ಬ್ರಷ್, ಗೀರಿನ ಗುಂಟ ಸುತ್ತುತ್ತ ಒರೆಸಿ, ಲೇಬಲ್ ನೆನೆಯದಂತೆ ನೋಡಿಕೊಂಡು ನೆರಳಲ್ಲಿ ಒಣಗಿಸಿದರೆ ಸಾಕು. ಎಲ್‌ಪಿಯ ಮುಳ್ಳು ಹಾಕಬೇಡಿ. ಅದರ ತುದಿ ಸುಮಾರು 18 ಮೈಕ್ರಾನ್, 78ರ ಗೀರಿಗೆ ಬೇಕಾದದ್ದು ಸುಮಾರು 65ರಿಂದ 75 ಮೈಕ್ರಾನ್. ಸಣ್ಣ ಮುಳ್ಳು ಗೀರಿನ ತಳಕ್ಕೆ ಇಳಿದು ಅಲ್ಲಿನ ಧೂಳನ್ನೇ ಓದುತ್ತದೆ, ಗೀರೂ ಕೆಡುತ್ತದೆ. ಆಂಪ್ಲಿಫೈಯರಿನಲ್ಲಿ ಮೋನೊ ಗುಂಡಿ ಇದ್ದರೆ ಒತ್ತಿ, ಅರ್ಧ ಚರಚರ ಅಲ್ಲೇ ಕಡಿಮೆಯಾಗುತ್ತದೆ.

ಉಳಿದವರು

ಬೆನ್ನಿ ಗುಡ್‌ಮನ್ ಟ್ರಯೊ, 1935ರ ಜುಲೈ. ಗುಡ್‌ಮನ್ ಕ್ಲ್ಯಾರಿನೆಟ್, ಟೆಡ್ಡಿ ವಿಲ್ಸನ್ ಪಿಯಾನೊ, ಜೀನ್ ಕ್ರೂಪಾ ಡ್ರಮ್. ಬೇಸ್, ಅಂದರೆ ಕೆಳಸ್ವರದ ದೊಡ್ಡ ತಂತಿವಾದ್ಯ, ಇಲ್ಲ. ವಿಲ್ಸನ್ ಎಡಗೈಯೇ ಆ ಕೆಲಸ ಮಾಡುತ್ತದೆ, ಕಾರ್ಡುಗಳು ಎಲ್ಲಿ ಸರಿಯುತ್ತವೆಂದು ಕಲಿಯಲು ಇದಕ್ಕಿಂತ ಸ್ಪಷ್ಟವಾದದ್ದಿಲ್ಲ. ಬಿಳಿಯರೂ ಕರಿಯರೂ ಒಂದೇ ತಂಡವಾಗಿ ನುಡಿಸುವುದು ಅಪರೂಪವಾಗಿದ್ದ ಕಾಲದ್ದು ಎಂಬ ಕಾರಣಕ್ಕೂ ಇದಕ್ಕೆ ಹೆಸರು. ನಾಲ್ಕು ಅಂಕ.

ಡ್ಯೂಕ್ ಎಲಿಂಗ್ಟನ್ ಮತ್ತು ಜಿಮ್ಮಿ ಬ್ಲ್ಯಾಂಟನ್, 1940ರ ಅಕ್ಟೋಬರ್. ಪಿಯಾನೊ, ಬೇಸ್, ಇಬ್ಬರೇ. ಬ್ಲ್ಯಾಂಟನ್ ಬೇಸನ್ನು ಕಮಾನಿನಿಂದ ನುಡಿಸಿ ಧಾಟಿ ಹಾಡಿಸುತ್ತಾರೆ. ಆಗ ಬೇಸ್ ಎಂದರೆ ಹಿಂದೆ ನಿಂತು ತಂತಿ ಮೀಟುವ ವಾದ್ಯ. ಅದು ಮುಂದೆ ಬಂದದ್ದನ್ನು ಕೇಳಲಾದರೂ ಇದು ಬೇಕು. ಕಮಾನಿನ ಸ್ವರ ಅಲ್ಲಲ್ಲಿ ಶ್ರುತಿಯಿಂದ ಸ್ವಲ್ಪ ಜಾರುತ್ತದೆ, ನಮಗೇನೂ ತೊಂದರೆಯಿಲ್ಲ.

ಬಿಲ್ಲಿ ಹಾಲಿಡೇ, 1940ರ ಫೆಬ್ರುವರಿ. ಮಾತು ಬೇಕೆನ್ನುವವರಿಗೆ ನಮ್ಮ ಮೊದಲ ಶಿಫಾರಸು. ಆಕೆ ಧಾಟಿಯ ಏರಿಳಿತವನ್ನೆಲ್ಲ ಕತ್ತರಿಸಿ, ಮೂರು ನಾಲ್ಕು ಸ್ವರಗಳ ಸಣ್ಣ ಅಂಗಳದಲ್ಲೇ ಓಡಾಡುತ್ತಾರೆ. ತಾಳಕ್ಕಿಂತ ಒಂದು ಕೂದಲು ಹಿಂದೆ ನಿಂತು ಹೇಳುವುದರಿಂದ, ತಿರುಚಿದ ಆ ಸಾಲೂ ನಿಜವೆನಿಸಿಬಿಡುತ್ತದೆ. 1957ರ ಇದೇ ಹೆಸರಿನ ಎಲ್‌ಪಿಯಲ್ಲಿ ದನಿ ಒಡೆದಿದೆ, ಮುದ್ರಣ ಸೊಗಸಾಗಿದೆ. ದನಿ ಮುಖ್ಯವೆಂದರೆ 1940, ಅನುಭವ ಮುಖ್ಯವೆಂದರೆ 1957.

ಜಾನ್ ಕೋಲ್ಟ್ರೇನ್, ಮುದ್ರಣ 1960, ‘ಕೋಲ್ಟ್ರೇನ್ಸ್ ಸೌಂಡ್’ ಎಲ್‌ಪಿಯಲ್ಲಿ ಬಿಡುಗಡೆ 1964. ನಮ್ಮ ಸಂಗೀತದಿಂದ ಬಂದ ಕಿವಿಗೆ ಒಗ್ಗುವುದು ಬಹುಶಃ ಇದೇ. ಮೊದಲ ತುಂಡಿನಲ್ಲಿ ಬೇಸ್ ಒಂದೇ ಸ್ವರದ ಮೇಲೆ ತಂಬೂರಿಯಂತೆ ನಿಲ್ಲುತ್ತದೆ, ಮೇಲೆ ಕಾರ್ಡುಗಳು ಅಲೆಯುತ್ತವೆ. ಆದರೆ ನಡುಭಾಗದಲ್ಲಿ ಗ್ರೀನ್ ಹಾಕಿದ ಸರಳ ದಾರಿಯನ್ನೂ ಬಿಟ್ಟು, ನಾಲ್ಕು ನಾಲ್ಕು ಅರ್ಧಸ್ವರಗಳಷ್ಟು ದೂರದ ಶ್ರುತಿಗಳಿಗೆ ಹಾರಿ ಹಾರಿ ಬರುತ್ತಾರೆ. ಹಾಕಿನ್ಸ್ ಹೊಲಿಗೆ ಕಾಣದಂತೆ ದಾಟಿದ್ದನ್ನು ಕೋಲ್ಟ್ರೇನ್ ಎಲ್ಲರಿಗೂ ಕಾಣುವ ಹಾಗೆ ಜಿಗಿದು ತೋರಿಸಿದರು. ಐದು ಅಂಕ, ಆದರೆ ಹಾಕಿನ್ಸ್ ಕೇಳಿದ ಮೇಲೆ ಮಾತ್ರ.

ಥೆಲೋನಿಯಸ್ ಮಂಕ್ ‘ಮಂಕ್ಸ್ ಡ್ರೀಮ್’ ಎಲ್‌ಪಿಯಲ್ಲಿ ಪಿಯಾನೊ ಒಂದರಲ್ಲೇ ನುಡಿಸಿದ್ದಾರೆ. ತುಂಟತನದ್ದು, ಅಭ್ಯಾಸವಾದವರಿಗೆ ಹಬ್ಬ. ಎಸ್ಪೆರಾಂಝಾ ಸ್ಪಾಲ್ಡಿಂಗ್ 2008ರಲ್ಲಿ ಸ್ಪ್ಯಾನಿಷಿನಲ್ಲಿ, ಐದರ ಎಣಿಕೆಯಲ್ಲಿ ಹಾಡಿದರು. ಖಂಡ ನಡೆ ಕೈಯಲ್ಲಿ ಹಾಕಿ ಬೆಳೆದವರಿಗೆ ಐದು ಹೊಸತಲ್ಲ, ಆದರೆ ನಾಲ್ಕಕ್ಕೆಂದು ಹುಟ್ಟಿದ ಧಾಟಿ ಐದರಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಕೈ ಹಾಕಿಯೇ ಕೇಳಬೇಕು. ಟೋನಿ ಬೆನೆಟ್ ಮತ್ತು ಏಮಿ ವೈನ್‌ಹೌಸ್ ಜೋಡಿಯದು 2011ರ ಮಾರ್ಚ್ 23ರಂದು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಆದದ್ದು. ಬೆನೆಟ್‌ಗೆ 84, ಆಕೆಗೆ 27. ನಾಲ್ಕು ತಿಂಗಳಲ್ಲಿ ಆಕೆ ತೀರಿಕೊಂಡರು. ಮರುವರ್ಷ ಗ್ರ್ಯಾಮಿ ಬಂತು. ಸ್ಟುಡಿಯೋದಲ್ಲಿ ಆಕೆ ಅಳುಕಿದ್ದನ್ನು 2015ರ ‘ಏಮಿ’ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ವಾದ್ಯಗಳ ಹಾಸು ಅತಿಯಾಗಿ ನಯ, ಅದಕ್ಕೊಂದು ಅಂಕ ಕಡಿತ. ಆಕೆಯ ಭಾಗಕ್ಕೆ ಕಡಿತವಿಲ್ಲ.

ನುಡಿಸಲು ಹೊರಟವರಿಗೆ

ಬರೆದ ಸ್ವರಲಿಪಿ ಕೊಳ್ಳುವಾಗ ವಾದ್ಯ ನೋಡಿ ಕೊಳ್ಳಿ. ಡಿ ಫ್ಲ್ಯಾಟಿನ ಪ್ರತಿಯನ್ನು ಟೆನರಿನವರು ತಮ್ಮ ಇ ಫ್ಲ್ಯಾಟಿನಲ್ಲೂ, ಆಲ್ಟೋದವರು ಬಿ ಫ್ಲ್ಯಾಟಿನಲ್ಲೂ ಓದಬೇಕು. ಆಲ್ಟೋದವರಿಗೆ ಶುರು ಸಲೀಸು, ಎರಡೇ ಫ್ಲ್ಯಾಟ್. ಪೆಟ್ಟು ಬೀಳುವುದು ನಡುಭಾಗದಲ್ಲಿ, ಅಲ್ಲಿ ಬೆರಳು ಬಿ ಮೇಜರಿಗೆ, ಐದು ಶಾರ್ಪಿಗೆ ಹೋಗಬೇಕು. ಟೆನರಿನವರಿಗೆ ಅದು ಇ ಮೇಜರ್, ನಾಲ್ಕು ಶಾರ್ಪ್.

ತಪ್ಪುವ ಜಾಗ ಎಲ್ಲರಿಗೂ ಒಂದೇ, 24ನೇ ಬಾರ್. ಕಾರ್ಡುಗಳು ಅರ್ಧರ್ಧ ಇಳಿಯುವಾಗ ಹೊಸಬರು ಒಂದನ್ನು ನುಂಗಿ, ಒಂದು ಎಣಿಕೆ ಮುಂಚೆಯೇ ಮನೆಗೆ ನುಗ್ಗುತ್ತಾರೆ. ಪಿಯಾನೊ ಇನ್ನೂ ದಾರಿಯಲ್ಲಿರುತ್ತದೆ. ನಡೆ ನಿಧಾನವಾದಷ್ಟೂ ಈ ತಪ್ಪು ಹೆಚ್ಚು, ಯಾಕೆಂದರೆ ನಿಮಿಷಕ್ಕೆ 60ರಲ್ಲಿ ಎರಡು ಎಣಿಕೆಗಳ ನಡುವಿನ ಬಯಲು ದೊಡ್ಡದು, ಒಳಗಿನ ಎಣಿಕೆ ಸಡಿಲವಾಗುತ್ತದೆ. ಎಣಿಕೆಯೊಂದಕ್ಕೆ ಎರಡು ಪಾಲು ಮಾಡಿ ಮನಸ್ಸಿನಲ್ಲೇ ಲೆಕ್ಕ ಹಾಕುವುದು ಮದ್ದು. ಅಭ್ಯಾಸವನ್ನು ಮೊದಲ ಬಾರಿನಿಂದ ಶುರುಮಾಡಬೇಡಿ. 23ನೆಯದರಿಂದ ಹಿಡಿದು 25ರ ಮೊದಲ ಸ್ವರಕ್ಕೆ ನಿಲ್ಲಿಸಿ. ಈ ಮೂರು ಬಾರ್ ಮಾತ್ರ, ಮೊದಲು ಕಾರ್ಡುಗಳ ತಳದ ಸ್ವರಗಳನ್ನು ಉದ್ದಕ್ಕೆ ಹಿಡಿದು, ಆಮೇಲೆ ಒಂದೊಂದು ಕಾರ್ಡಿನ ಗಾಂಧಾರ ಹಿಡಿದು, ಆಮೇಲೆ ಎರಡನ್ನೂ ಬೆಸೆದು. ನಡುಭಾಗದ ಉಳಿದದ್ದನ್ನು ಅದರ ಹಿಂದಕ್ಕೆ ಒಂದೊಂದೇ ಬಾರ್ ಸೇರಿಸುತ್ತ ಬನ್ನಿ. ಮೊದಲ ಎಂಟು ಬಾರ್‌ಗೆ ಕೊನೆಯಲ್ಲಿ ಬಂದರೆ ಸಾಕು, ಅದನ್ನು ಹೇಗೂ ಮೂರು ಸಲ ನುಡಿಸಲಿಕ್ಕಿದೆ.